ನಕಾಶೆ ಕಂಡ ದಾರಿ

ದಾರಿಗಳಲ್ಲಿ ಎರಡು ಜಾತಿ. ಹೋಗುವವನನ್ನು ಊರಿಗೆ ಮುಟ್ಟಿಸಿ ಕೈತೊಳೆದುಕೊಳ್ಳುವ ದಾರಿ ಒಂದು; ಊರು ಮುಟ್ಟುವವರೆಗೆ ಅವನೊಡನೆ ಮಾತನಾಡುತ್ತ ಬರುವ ದಾರಿ ಇನ್ನೊಂದು. ಉತ್ತರ ಬೆಂಗಳೂರಿನಲ್ಲಿ ಸಂಸಾರ ಹೂಡಿರುವ ವಾಚಕರಿಗೆ ಮೊದಲನೆಯ ಜಾತಿಯ ಪರಿಚಯವನ್ನು ಮಾಡಿಕೊಡುವ ಅಗತ್ಯವಿಲ್ಲ. ಸಂಜೆ ಆರು ಗಂಟೆಗೆ ಹೆಬ್ಬಾಳದ ಮೇಲುಸೇತುವೆಯ ಮೇಲೆ ಸಿಕ್ಕಿಕೊಂಡವರು, ಯಶವಂತಪುರದ ಜನಸಂದಣಿಯಲ್ಲಿ ಹಾದಿ ಬಿಡಿಸಿಕೊಂಡು ಬಂದವರು, ಅದರ ಗುಣಾವಗುಣಗಳನ್ನೆಲ್ಲ ಬಲ್ಲರು. ಎರಡನೆಯ ಜಾತಿಯ ದಾರಿ ಅಲ್ಲಿಂದ ಹತ್ತು ಹನ್ನೆರಡು ಮೈಲಿಯ ಆಚೆಗೆ ಇನ್ನೂ ಉಸಿರಾಡುತ್ತಿದೆ ಎಂಬುದನ್ನು ಬಲ್ಲವರು ಮಾತ್ರ ಕಡಿಮೆ.

ಆರ್.ಟಿ. ನಗರದ ಗೃಹಸ್ಥರೊಬ್ಬರು ಅದನ್ನು ತಮ್ಮ ಐವತ್ತನಾಲ್ಕನೆಯ ವಯಸ್ಸಿನಲ್ಲಿ ಮರಳಿ ಕಂಡುಕೊಂಡರು. ಮರಳಿ ಎನ್ನುವುದಕ್ಕೆ ಕಾರಣವಿದೆ. ಅವರು ಹುಟ್ಟಿದ್ದು ದೊಡ್ಡಬಳ್ಳಾಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ತಂದೆ ಪ್ರಾಥಮಿಕ ಶಾಲೆಯ ಉಪಾಧ್ಯಾಯರು. ಮೂವತ್ತು ವರ್ಷಕಾಲ ದಿನವೂ ಬೈಸಿಕಲ್ಲಿನ ಮೇಲೆ ಮಣ್ಣುದಾರಿಯಲ್ಲಿ ನಾಲ್ಕು ಮೈಲಿ ಹೋಗಿ ಪಾಠ ಹೇಳಿ ಬಂದವರು. ಮಗ ಬ್ಯಾಂಕಿನ ಕೆಲಸ ಹಿಡಿದು ಪಟ್ಟಣ ಸೇರಿದರು. ದಾರಿಯೂ ಮರೆಯಿತು, ಬೈಸಿಕಲ್ಲೂ ಮರೆಯಿತು. ಕಡೆಗೆ ವೈದ್ಯರು ರಕ್ತದ ಸಕ್ಕರೆಯ ಲೆಕ್ಕವನ್ನು ಮುಂದಿಟ್ಟು, ದಿನಕ್ಕೊಂದಿಷ್ಟು ಕಾಲಾಡಿಸಬೇಕೆಂದು ಆಜ್ಞೆ ಮಾಡಿದರು. ಕಾಲೇಜು ಓದುವ ಮಗಳು ತನ್ನೊಡನೆ ಸವಾರಿಗೆ ಬರುವಂತೆ ತಂದೆಗೂ ಒಂದು ಬೈಸಿಕಲ್ಲನ್ನು ಆರಿಸಿ ತಂದಳು. ಜಲ್ಲಿದಾರಿ, ಮಣ್ಣುದಾರಿ, ಕಾಡುದಾರಿಗಳಿಗೆಂದೇ ಮಾಡಿದ 'ಗ್ರಾವೆಲ್' ಬೈಸಿಕಲ್ಲು ಅದು.

ಮನೆಯ ಗೃಹಿಣಿ ಬೆಲೆಯನ್ನು ಕೇಳಿ ಒಂದು ಗಳಿಗೆ ಮಾತನಾಡಲಿಲ್ಲ. ಅನಂತರ ಬೈಸಿಕಲ್ಲನ್ನು ಒಮ್ಮೆ ಪ್ರದಕ್ಷಿಣೆ ಮಾಡಿ ಬಂದರು.

"ಅರವತ್ತು ಸಾವಿರವೇ! ಅಲ್ಲಾ ರೀ, ಇದಕ್ಕೆ ಸ್ಟ್ಯಾಂಡಿಲ್ಲ, ಕ್ಯಾರಿಯರ್ ಇಲ್ಲ, ಮಡ್‌ಗಾರ್ಡ್ ಇಲ್ಲ, ಕೊನೆಗೆ ಒಂದು ಬೆಲ್ಲೂ ಇಲ್ಲ. ಇಲ್ಲದ್ದಕ್ಕೆಲ್ಲ ಸೇರಿಸಿ ದುಡ್ಡು ತೆಗೆದುಕೊಂಡರೇನು?"

"ಅಮ್ಮ, ಇದರ ಟೈರನ್ನು ನೋಡು. ನಲವತ್ತು ಮಿಲಿಮೀಟರ್ ಅಗಲ. ಗಾಳಿ ಕಡಿಮೆ ಹಾಕಿದರೆ ಕಲ್ಲಿನ ಪೆಟ್ಟನ್ನೆಲ್ಲ ಅದೇ ನುಂಗಿಕೊಳ್ಳುತ್ತದೆ," ಎಂದು ಮಗಳು ಸಮಾಧಾನ ಹೇಳಿದಳು.

ಯಜಮಾನರಿಗೆ ಅಲ್ಲಿ ನಗು ಬಂದಿತು. ತಮ್ಮ ತಂದೆಯ ಕಪ್ಪು ಬೈಸಿಕಲ್ಲಿನ ಟೈರಿನ ಮೇಲೆ ಅಚ್ಚಾಗಿದ್ದ ಅಂಕಿ ಅವರಿಗೆ ನೆನಪಿತ್ತು: 28 ಇಂಚಿನ ಗಾಲಿ, ಒಂದೂವರೆ ಇಂಚಿನ ಅಗಲ. ಲೆಕ್ಕ ಹಾಕಿದರೆ ಹೆಚ್ಚುಕಡಿಮೆ ಅದೇ ನಲವತ್ತು ಮಿಲಿಮೀಟರ್. ಹಳ್ಳಿಯ ಮೇಷ್ಟರು ಶಾಲೆಗೆ ಹೋಗುತ್ತಿದ್ದ ಟೈರನ್ನೇ ಲೋಕವು ಒಂದು ಸುತ್ತು ತಿರುಗಿ ಬಂದು ಹೊಸದೆಂದು ಕೊಳ್ಳುತ್ತಿತ್ತು.

ಬರೀ ವ್ಯಾಯಾಮದ ಮಾತಾಗಿದ್ದರೆ ಇದು ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಆ ಮಾಘಮಾಸದಲ್ಲಿ ಹಳ್ಳಿಯಿಂದ ಅಣ್ಣನವರ ಫೋನು ಬಂದಿತು. ಹಿರಿಯರಿಂದ ಬಂದ ಎರಡು ಎಕರೆ ದ್ರಾಕ್ಷಿತೋಟವನ್ನು ಕೊಳ್ಳಲು ಗಿರಾಕಿ ಸಿಕ್ಕಿದ್ದಾನೆ, ಬಡಾವಣೆ ಮಾಡುವವನು; ಆಸ್ತಿ ಇನ್ನೂ ಪಾಲಾಗಿಲ್ಲವಾದ ಕಾರಣ ತಮ್ಮನ ರುಜು ಬೇಕು, ಎಂಬುದು ಸಮಾಚಾರ. "ಭಾನುವಾರ ಬರುತ್ತೇನೆ ಅಣ್ಣ," ಎಂದರು ಯಜಮಾನರು. ಕಾರಿನಲ್ಲಿ ಹೋದರೆ ಒಂದು ಗಂಟೆಯ ದಾರಿ. ಏಕೋ ಅವರಿಗೆ ಬೈಸಿಕಲ್ಲಿನಲ್ಲಿಯೇ ಹೋಗಬೇಕೆನಿಸಿತು.

ಭಾನುವಾರ ಬೆಳಗಿನ ಜಾವ ಐದು ಗಂಟೆಗೆ ತಂದೆ ಮಗಳು ಹೊರಟರು. ಆ ಹೊತ್ತಿನಲ್ಲಿ ಹೆಬ್ಬಾಳವೂ ಸಾಧುವಾಗಿರುತ್ತದೆ. ವಿಮಾನ ನಿಲ್ದಾಣಕ್ಕೆ ಧಾವಿಸುವ ಟ್ಯಾಕ್ಸಿಗಳನ್ನು ಬಲಕ್ಕೆ ಬಿಟ್ಟು, ಯಲಹಂಕವನ್ನು ದಾಟಿ, ದೊಡ್ಡಬಳ್ಳಾಪುರದ ರಸ್ತೆಯನ್ನು ಹಿಡಿದರು. ಜಾರಕಬಂಡೆ ಕಾವಲಿನ ನೀಲಗಿರಿ ಮರಗಳ ನಡುವೆ ಬೆಳಕು ಹರಿಯಿತು. ರಾಜಾನುಕುಂಟೆಯಲ್ಲಿ ಬಿಸಿ ಇಡ್ಲಿ ತಿಂದು, ಡಾಂಬರು ರಸ್ತೆಯನ್ನು ಬಿಟ್ಟು ಪಶ್ಚಿಮಕ್ಕೆ ತಿರುಗಿದ ಮೇಲೆ ಚಕ್ರದ ಸದ್ದೇ ಬದಲಾಯಿತು. ಡಾಂಬರಿನ ಮೇಲೆ ಸುಯ್ಯೆನ್ನುತ್ತಿದ್ದದ್ದು ಜಲ್ಲಿಯ ಮೇಲೆ ಕರಕರನೆ ಹುರಿಗಾಳು ಅಗಿದಂತೆ ಕೇಳತೊಡಗಿತು. ಮೋಟಾರಿನ ಸದ್ದು ಹಿಂದೆ ಉಳಿದು, ಕೋಳಿಯ ಕೂಗು ಮುಂದೆ ಬಂದಿತು.

ಕಾಕೋಳಿನ ಬಳಿ ಅರ್ಕಾವತಿಯ ಪಾತ್ರ. ನಂದಿಬೆಟ್ಟದಲ್ಲಿ ಹುಟ್ಟಿ, ದೊಡ್ಡಬಳ್ಳಾಪುರದ ಕೆರೆಗಳನ್ನು ಹಾಯ್ದು, ಕನಕಪುರದ ಆಚೆಗೆ ಸಂಗಮದಲ್ಲಿ ಕಾವೇರಿಯನ್ನು ಸೇರುವ ನದಿ ಇದು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1894ರಲ್ಲಿ, ಇದರ ನೀರನ್ನೇ ಹೆಸರಘಟ್ಟದಲ್ಲಿ ತಡೆದು ಬೆಂಗಳೂರಿಗೆ ಕುಡಿಯಲು ತಂದರು. 1933ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯವಾಯಿತು. ಒಂದು ಪಟ್ಟಣಕ್ಕೆ ಹಾಲೂಡಿದ ತಾಯಿ ಈಗ ವರ್ಷದ ಬಹುಭಾಗ ಒಣಗಿ ಮಲಗಿರುತ್ತಾಳೆ. ಕೊಳವೆಬಾವಿಗಳು ಒಡಲಿನ ನೀರನ್ನು ಹೀರಿದವು. ನೀಲಗಿರಿ ತೋಪುಗಳು ತಮ್ಮ ಪಾಲನ್ನು ಕುಡಿದವು. ಕೆರೆಗೆ ನೀರು ತರುವ ಕಾಲುವೆಗಳ ಮೇಲೆ ಮನೆಗಳೆದ್ದವು. ಹೊಂಗೆಯ ನೆರಳಿನಲ್ಲಿ ನಿಂತು ಮಗಳು, "ಅಪ್ಪ, ಇದೇನಾ ನದಿ?" ಎಂದಳು. ತಾವು ಈಜು ಕಲಿತದ್ದು ಇದೇ ನೀರಿನಲ್ಲಿ ಎಂದು ಹೇಳಲು ಯಜಮಾನರಿಗೆ ಸಂಕೋಚವಾಯಿತು. ಹೇಳಿದರು, ಅವಳು ನಂಬಿದಂತೆ ಕಾಣಲಿಲ್ಲ.

ಅಲ್ಲಿಂದ ಮುಂದೆ ಹೆಸರಘಟ್ಟದ ಹುಲ್ಲುಗಾವಲಿನ ಅಂಚು. ಮರವಿಲ್ಲದ ನೆಲವನ್ನು ಬಂಜರೆಂದು ತಿಳಿಯುವುದು ನಮ್ಮ ಜನರ ರೂಢಿ. ಆದರೆ ಚಳಿಗಾಲದಲ್ಲಿ ಮಧ್ಯ ಏಷ್ಯದಿಂದ ಹ್ಯಾರಿಯರ್ ಗಿಡುಗಗಳು ಬಂದಿಳಿಯುವುದು ಈ ಬಂಜರಿಗೇ. ಅತಿ ವಿರಳವಾದ ಲೆಸ್ಸರ್ ಫ್ಲೋರಿಕನ್ ಹಕ್ಕಿ 2011ರಲ್ಲಿ ಕಾಣಿಸಿಕೊಂಡದ್ದೂ ಇಲ್ಲಿಯೇ. ಬಹುಕಾಲದ ವಾದವಿವಾದಗಳ ತರುವಾಯ 2024ರಲ್ಲಿ ಸುಮಾರು 5,600 ಎಕರೆಯನ್ನು ಸಂರಕ್ಷಣಾ ಮೀಸಲು ಪ್ರದೇಶವನ್ನಾಗಿ ಮಾಡಲು ರಾಜ್ಯ ಸರ್ಕಾರವು ಒಪ್ಪಿತು. ಹೊಂಬಣ್ಣಕ್ಕೆ ತಿರುಗಿದ ಹುಲ್ಲನ್ನು ಕಂಡು ಮಗಳು ಬೈಸಿಕಲ್ಲನ್ನು ಅದರೊಳಕ್ಕೆ ತಿರುಗಿಸಲು ಹೋದಳು.

"ಬೇಡಮ್ಮ, ದಾರಿಯಲ್ಲಿಯೇ ಇರು. ಬಾನಾಡಿ ನೆಲದ ಮೇಲೆಯೇ ಗೂಡು ಕಟ್ಟುತ್ತದೆ. ಚಕ್ರಕ್ಕೆ ಹುಲ್ಲು ಯಾವುದು, ಗೂಡು ಯಾವುದು ತಿಳಿಯುವುದಿಲ್ಲ."

"ನಿಮಗೆ ಹೇಗೆ ಗೊತ್ತು?"

"ನಿನ್ನ ತಾತ ಹೇಳಿದ್ದು. ಅವರು ನನ್ನನ್ನು ಬೈಸಿಕಲ್ಲಿನ ಮುಂದಿನ ಕಂಬಿಯ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದರು."

ಬಿಸಿಲೇರುವ ಹೊತ್ತಿಗೆ ದಾರಿ ಕಣಿವೆಯ ಮೇಲ್ಭಾಗವನ್ನು ಸೇರಿತು. ಎರಡು ಬದಿಗೂ ದ್ರಾಕ್ಷಿಯ ಚಪ್ಪರಗಳು ಬಂದವು. ಬೆಂಗಳೂರು ನೀಲಿ ಎಂಬ ಈ ದ್ರಾಕ್ಷಿ ದಪ್ಪ ಸಿಪ್ಪೆಯದು, ಬೀಜವುಳ್ಳದ್ದು. ತಟ್ಟೆಯಲ್ಲಿಟ್ಟರೆ ಮನೆಯೆಲ್ಲ ಘಮಘಮಿಸುವಂಥದು. ವರ್ಷಕ್ಕೆ ಎರಡು ಫಸಲು. ಹಣ್ಣಿನ ರಸಕ್ಕೂ ದ್ರಾಕ್ಷಾರಸದ ಕಾರ್ಖಾನೆಗಳಿಗೂ ಬೇಡಿಕೆಯಾದ ಇದಕ್ಕೆ 2013ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಬಂದಿತು. ಚಪ್ಪರದ ಕೆಳಗೆ ನೆಲದ ಮೇಲೆ ಬಿಸಿಲು ರಂಗವಲ್ಲಿ ಬಿಡಿಸಿದಂತಿತ್ತು. ಪೂರ್ವದ ಅಂಚಿನಲ್ಲಿ ನಂದಿಬೆಟ್ಟ ನೀಲಿಯ ಗೆರೆಯಾಗಿ ಮಲಗಿತ್ತು. ಇಂಥ ತೋಟವನ್ನು ಕೊಡಬಾರದು ಎಂದು ಅಣ್ಣನಿಗೆ ಹೇಳಿಬಿಡಬೇಕೆಂದು ಯಜಮಾನರು ಆ ಗಳಿಗೆಯಲ್ಲಿ ನಿಶ್ಚಯಿಸಿಕೊಂಡರು.

ಅತ್ತಿಗೆ ಮಜ್ಜಿಗೆ ಕೊಟ್ಟರು. ಅಣ್ಣ ಜಗಲಿಯ ಮೇಲೆ ಕುಳಿತು ತಮ್ಮನ ಮಾತನ್ನು ಪೂರ್ತಿಯಾಗಿ ಕೇಳಿದರು. ನದಿಯ ವಿಚಾರ, ಹಕ್ಕಿಯ ವಿಚಾರ, ಬೆಳಗಿನ ಬಿಸಿಲಿನ ವಿಚಾರ ಎಲ್ಲವನ್ನೂ ಕೇಳಿ, ಕೋಪವಿಲ್ಲದೆಯೇ ಹೇಳಿದರು:

"ನೋಡಪ್ಪ, ಎರಡು ಕೊಳವೆಬಾವಿ ಬತ್ತಿಹೋಯಿತು. ಮೂರನೆಯದನ್ನು ಸಾವಿರದ ಇನ್ನೂರು ಅಡಿ ಕೊರೆಸಿದ್ದೇನೆ, ಸಾಲ ಇನ್ನೂ ಇದೆ. ಔಷಧಿ ಹೊಡೆಯುವುದಕ್ಕೆ ಆಳಿಲ್ಲ. ಕೊಯ್ಲಿನ ವಾರ ಮಳೆ ಬಂದರೆ ಕಾಯಿ ಬಿರಿದು ಹೋಗುತ್ತದೆ. ನನಗೆ ಅರವತ್ತೆರಡು. ನಿನಗೆ ಭಾನುವಾರ ನೋಡುವುದಕ್ಕೆ ತೋಟ ಬೇಕು. ನನಗೆ ಸೋಮವಾರದಿಂದ ಶನಿವಾರದವರೆಗೆ ಬದುಕಬೇಕು."

ಯಜಮಾನರಲ್ಲಿ ಉತ್ತರವಿರಲಿಲ್ಲ. ಕಣ್ಣಿನ ಸುಖಕ್ಕಾಗಿ ಇನ್ನೊಬ್ಬನು ಬೆವರು ಸುರಿಸುತ್ತಲೇ ಇರಲಿ ಎಂದು ಬಯಸುವ ಹಕ್ಕು ಪಟ್ಟಣದವನಿಗೆ ಎಲ್ಲಿಂದ ಬಂದಿತು? ಮೂವತ್ತು ವರ್ಷದಲ್ಲಿ ಆ ತೋಟಕ್ಕೆ ಅವರು ಒಂದು ಕೊಡ ನೀರು ಹಾಕಿದವರಲ್ಲ. ಜೇಬಿನಿಂದ ಪೆನ್ನನ್ನು ತೆಗೆದರು.

ದಲ್ಲಾಳಿಯು ಕೊಟ್ಟುಹೋಗಿದ್ದ ಬಡಾವಣೆಯ ನಕ್ಷೆಯನ್ನು ಅಷ್ಟು ಹೊತ್ತೂ ನೋಡುತ್ತಿದ್ದ ಹುಡುಗಿ ತಲೆಯೆತ್ತಿದಳು.

"ದೊಡ್ಡಪ್ಪ, ನಾವು ಬಂದ ದಾರಿ ಇದರಲ್ಲಿ ಇಲ್ಲವಲ್ಲ?"

ಮೂವರೂ ಬಾಗಿ ನೋಡಿದರು. ನಿಜ. ತೋಟದ ಬದುವಿನ ಬಂಡಿದಾರಿ ಇದ್ದ ಜಾಗದಲ್ಲಿ ಕಾಂಪೌಂಡು ಗೋಡೆಯೂ ಆರು ನಿವೇಶನಗಳೂ ಇದ್ದವು. ಅಣ್ಣನವರಿಗೆ ಆಗ ನೆನಪಾಯಿತು. ದಾರಿಯ ಮಾತೆತ್ತಿದಾಗ ದಲ್ಲಾಳಿ ನಕ್ಕು, ಯಾರೂ ಓಡಾಡದ ದಾರಿ ಯಾರಿಗೆ ಬೇಕು ಸ್ವಾಮಿ, ಎಂದಿದ್ದನಂತೆ.

"ಅದು ನಕಾಶೆ ಕಂಡ ದಾರಿ," ಎಂದರು ಅಣ್ಣ. ಅವರ ಧ್ವನಿ ಮೊದಲ ಬಾರಿಗೆ ಬಿರುಸಾಯಿತು. "ತೋಟ ನಮ್ಮದು, ಕೊಡುತ್ತೇವೆ. ದಾರಿ ನಮ್ಮದಲ್ಲ. ಅಪ್ಪ ಮೂವತ್ತು ವರ್ಷ ಅದರ ಮೇಲೆ ಓಡಾಡಿದ್ದಾರೆ."

ಗ್ರಾಮದ ನಕಾಶೆಯಲ್ಲಿ ಬಂಡಿದಾರಿಯನ್ನೂ ಕಾಲುದಾರಿಯನ್ನೂ ಚುಕ್ಕೆಗೆರೆಗಳಿಂದ ಗುರುತಿಸಿರುತ್ತಾರೆ. ಹೀಗೆ ನಕಾಶೆಯಲ್ಲಿ ಕಂಡ ದಾರಿ ಸಾರ್ವಜನಿಕರದು; ಪಕ್ಕದ ಹೊಲದ ಒಡೆಯ ಅದನ್ನು ಮಾರುವಂತಿಲ್ಲ, ಮುಚ್ಚುವಂತಿಲ್ಲ. ಆದರೆ ಕಾಗದದ ಮೇಲಿನ ಚುಕ್ಕೆ ತಾನಾಗಿ ಎದ್ದುಬಂದು ಗೋಡೆಯನ್ನು ತಡೆಯಲಾರದು. ಗಾಡಿಯೆತ್ತುಗಳು ಹೋದವು, ನಡೆಯುವವರು ಮೋಟಾರು ಬೈಕು ಕೊಂಡು ಡಾಂಬರಿಗೆ ಹೋದರು, ಮಣ್ಣುದಾರಿಯ ಪರವಾಗಿ ಸಾಕ್ಷಿ ಹೇಳಲು ಹೆಜ್ಜೆಗುರುತೂ ಉಳಿಯಲಿಲ್ಲ.

ಮಗಳು ಇಟಲಿಯ ಸಂಗತಿಯೊಂದನ್ನು ಹೇಳಿದಳು. ಅಲ್ಲಿನ ಟಸ್ಕನಿ ಪ್ರಾಂತದಲ್ಲಿ ದ್ರಾಕ್ಷಿತೋಟಗಳ ನಡುವೆ ಬಿಳಿಯ ಜಲ್ಲಿಯ ದಾರಿಗಳಿವೆ. ಅವುಗಳ ಮೇಲೆಲ್ಲ ಡಾಂಬರು ಬೀಳುವ ಕಾಲ ಬಂದಾಗ, 1997ರಲ್ಲಿ ಗಾಯೊಲೆ ಎಂಬ ಊರಿನಿಂದ ಕೆಲವರು ಹಳೆಯ ಬೈಸಿಕಲ್ಲುಗಳನ್ನು ಹತ್ತಿ ಆ ದಾರಿಗಳಲ್ಲಿ ಸವಾರಿ ಹೊರಟರು. ಲೆರೋಯಿಕ ಎಂದು ಅದರ ಹೆಸರು. ಮೊದಲ ವರ್ಷ ನೂರು ಜನರೂ ಇರಲಿಲ್ಲ. ತರುವಾಯ ಸಾವಿರಾರು ಜನ ಬರುವಂತಾಯಿತು. ಬಿಳಿಯ ದಾರಿಗಳಿಗೆ ಮರ್ಯಾದೆ ಬಂದಿತು. 2022ರಲ್ಲಿ ಗ್ರಾವೆಲ್ ಬೈಸಿಕಲ್ಲಿನ ಪ್ರಥಮ ವಿಶ್ವ ಸ್ಪರ್ಧೆ ನಡೆದದ್ದೂ ಇಟಲಿಯಲ್ಲಿಯೇ.

"ಅಂದರೆ ಓಡಾಡಿಯೇ ಉಳಿಸಿಕೊಂಡರು," ಎಂದರು ಅಣ್ಣ.

ಅಂದಿನ ತೀರ್ಮಾನ ಇಷ್ಟಾಯಿತು: ಕ್ರಯಕ್ಕೆ ಮೊದಲು ಸರ್ಕಾರಿ ಭೂಮಾಪಕರಿಂದ ಅಳತೆ ಮಾಡಿಸಿ, ಬಂಡಿದಾರಿಯ ಎರಡು ಬದಿಗೂ ಕಲ್ಲು ನೆಡಿಸುವುದು, ಆ ಷರತ್ತನ್ನು ಗಿರಾಕಿ ಒಪ್ಪಿದರೆ ತಮ್ಮನ ರುಜು. ಒಪ್ಪದಿದ್ದರೆ ಬೇರೆ ಗಿರಾಕಿಯನ್ನು ನೋಡುವುದು. ಬೆಲೆ ಸ್ವಲ್ಪ ಇಳಿಯಬಹುದೆಂದು ಅಣ್ಣ ಎಚ್ಚರಿಸಿದರು. ಇಳಿದಷ್ಟು ತಮ್ಮ ಪಾಲಿನಲ್ಲಿ ಇಳಿಯಲಿ ಎಂದು ಯಜಮಾನರು ಹೇಳಿದರು. ತೋಟ ಉಳಿಯಲಿಲ್ಲ, ಆ ದುಃಖಕ್ಕೆ ಮದ್ದಿಲ್ಲ. ತಿಂಗಳಿಗೊಂದು ಭಾನುವಾರ ತಾನು ಗೆಳತಿಯರನ್ನು ಕರೆದುಕೊಂಡು ಈ ದಾರಿಯಲ್ಲಿ ಬರುವುದಾಗಿ ಮಗಳು ದೊಡ್ಡಪ್ಪನಿಗೆ ಮಾತು ಕೊಟ್ಟಳು. "ಬನ್ನಿ. ಮೊದಲೇ ಹೇಳಿ, ಮಜ್ಜಿಗೆ ಹೆಚ್ಚಿಗೆ ಮಾಡಿಸುತ್ತೇನೆ," ಎಂದರು ಅವರು.

ಹೊರಡುವಾಗ ಅಣ್ಣ ಕೊಟ್ಟಿಗೆಯ ಅಟ್ಟವನ್ನು ತಡಕಿ, ತಂದೆಯ ಬೈಸಿಕಲ್ಲಿನಿಂದ ಬಿಚ್ಚಿಟ್ಟಿದ್ದ ಹಿತ್ತಾಳೆಯ ಬೆಲ್ಲನ್ನು ತಂದುಕೊಟ್ಟರು. ಹುಣಿಸೆಹಣ್ಣು ಹಾಕಿ ಉಜ್ಜಿದ ಮೇಲೆ ಅದು ಬೆಳಗಿತು. ಹೊಸ ಹ್ಯಾಂಡಲ್ಲಿಗೆ ಅದನ್ನು ಕೂರಿಸಲು ಸ್ವಲ್ಪ ಪ್ರಯಾಸವಾಯಿತು, ಆದರೆ ಕೂತಿತು. ಹಿಂದಿರುಗುವಾಗ ಬಂಡಿದಾರಿಯ ಉದ್ದಕ್ಕೂ ಯಜಮಾನರು ಎದುರಿಗೆ ಯಾರೂ ಇಲ್ಲದಿದ್ದರೂ ಅದನ್ನು ಬಾರಿಸುತ್ತ ಬಂದರು.

ಮಧ್ಯಾಹ್ನ ಆರ್.ಟಿ. ನಗರದ ಬೀದಿಯಲ್ಲಿ ಆ ಸದ್ದು ಕೇಳಿ ಗೃಹಿಣಿ ಬಾಗಿಲಿಗೆ ಬಂದರು. ಮುಡಿಯಿಂದ ಅಡಿಯವರೆಗೆ ಕೆಂಪು ಧೂಳು ಮೆತ್ತಿಕೊಂಡ ಎರಡು ಆಕೃತಿಗಳು ನಿಂತಿದ್ದವು. ಅತ್ತಿಗೆ ಕಟ್ಟಿಕೊಟ್ಟಿದ್ದ ದ್ರಾಕ್ಷಿ ಹೆಗಲಚೀಲದೊಳಗೆ ಅರ್ಧದಷ್ಟು ಜಜ್ಜಿಹೋಗಿ ಬೆನ್ನಿಗೆಲ್ಲ ನೀಲಿ ಬಳಿದಿತ್ತು. ಆಕೆ ಬೆಲ್ಲನ್ನು ಗುರುತಿಸಿದರು. ಮದುವೆಯಾದ ಹೊಸದರಲ್ಲಿ ಮಾವನವರು ಶಾಲೆಯಿಂದ ಬರುವುದನ್ನು ಅದೇ ಸದ್ದಿನಿಂದ ತಿಳಿದು ಕಾಫಿಗೆ ನೀರಿಡುತ್ತಿದ್ದವರು ಆಕೆ. ಒಂದು ಗಳಿಗೆ ಅದನ್ನು ಬೆರಳಿನಿಂದ ಮುಟ್ಟಿ ನೋಡಿದರು. ಆಮೇಲೆ ಎಂದಿನ ಧ್ವನಿಯಲ್ಲಿಯೇ,

"ಸರಿ, ಬೆಲ್ಲು ಬಂದಿತು. ಮುಂದಿನ ಸಲ ಕ್ಯಾರಿಯರ್ ತನ್ನಿ, ಹಣ್ಣಾದರೂ ನೆಟ್ಟಗೆ ಬರಲಿ," ಎಂದು ಹೇಳಿ ಕಾಫಿಗೆ ನೀರಿಡಲು ಒಳಕ್ಕೆ ಹೋದರು.