ಹರಿಗೋಲಿನಲ್ಲೊಂದು ಮೇಜು

ಉಚ್ಚಂಗಿದುರ್ಗವು ಕೋಟೆಗೂ ಉಚ್ಚಂಗೆಮ್ಮನ ಗುಡಿಗೂ ಹೆಸರಾದ ಊರು, ನದಿಗೆ ಹೆಸರಾದುದಲ್ಲ. ಹೊಂಡದ ನೀರನ್ನು ನೋಡಿ ಬೆಳೆದ ನಾವು ಹರಿಗೋಲನ್ನು ಕುರಿತು ಬರೆಯಹೊರಟರೆ ವಾಚಕರಿಗೆ ನಗೆ ಬಂದೀತು. ಆದರೆ ಬಿಡುವು ದೊರೆತಾಗ ಮಕ್ಕಳುಮರಿಗಳೊಡನೆ ಹಂಪೆಗೆ ಹೋಗಿ, ತುಂಗಭದ್ರೆಯ ಮೇಲೆ ಒಂದು ಸುತ್ತು ತಿರುಗಿ ಬರುವುದು ನಮ್ಮ ಸೀಮೆಯ ಕುಟುಂಬಗಳಿಗೆ ಹೊಸತೇನಲ್ಲ. ಈ ಸಲ ನಮ್ಮ ಮನೆಯವರು, "ಬುತ್ತಿಯನ್ನು ನೀರಿನ ಮೇಲೆಯೇ ಬಿಚ್ಚೋಣ, ಸಣ್ಣದೊಂದು ಮೇಜಿದ್ದರೆ ಸಾಕು" ಎಂದರು. ಮೊಣಕಾಲಿನ ನೋವಿನಿಂದ ಎರಡು ವರ್ಷ ಹೊಸ್ತಿಲು ದಾಟದಿದ್ದವರು ಅವರು. ಮಣೆಯ ಮೇಲೆ ಕೂರಬಲ್ಲರು. ಬಗ್ಗಿ ತಳದಿಂದ ತಟ್ಟೆಯನ್ನೆತ್ತಲಾರರು. ಅವರ ಮಾತನ್ನು ತಳ್ಳಿಹಾಕುವುದು ಹೇಗೆ?

ಹರಿಗೋಲು ಬಹಳ ಹಳೆಯ ವಾಹನ. ರಘುವಂಶದ ಆರಂಭದಲ್ಲಿ ಬರುವ 'ಉಡುಪ' ಶಬ್ದಕ್ಕೆ ಮಲ್ಲಿನಾಥನು ತೆಪ್ಪವೆಂದೂ, ತೊಗಲು ಹೊದಿಸಿದ ದೋಣಿಯೆಂದೂ ಎರಡು ಅರ್ಥಗಳನ್ನು ಹೇಳುತ್ತಾನೆ. ಸುಮಾರು 1520ರಲ್ಲಿ ವಿಜಯನಗರವನ್ನು ಕಂಡ ಪೋರ್ತುಗೀಸ ಯಾತ್ರಿಕ ಡೊಮಿಂಗೊ ಪಾಯಸ್ ಕೂಡ ಬುಟ್ಟಿಯಂತೆ ದುಂಡಗಿದ್ದು, ತೊಗಲು ಹೊದ್ದು, ಸುತ್ತುತ್ತಲೇ ಸಾಗುವ ದೋಣಿಗಳನ್ನು ವರ್ಣಿಸಿದ್ದಾನೆ. ಈಗ ತೊಗಲಿನ ಸ್ಥಾನಕ್ಕೆ ಪ್ಲಾಸ್ಟಿಕ್ ಹಾಳೆಯೂ ಡಾಂಬರೂ ಬಂದಿವೆ. ಬಿದಿರಿನ ಹೆಣಿಗೆ ಮಾತ್ರ ಹಾಗೆಯೇ ಉಳಿದಿದೆ.

ನಮ್ಮ ಅಳಿಯಂದಿರು ಮಡಿಸುವ ಮೇಜೊಂದನ್ನು ತಂದು, ನಾಲ್ಕು ತಿರುಪುಮೊಳೆಗಳಿಂದ ತಳಕ್ಕೆ ಬಿಗಿಯುವುದೆಂದು ಯೋಚಿಸಿದ್ದರು. ಅಂಬಿಗನು ಅದನ್ನು ನೋಡಿ ತಲೆಯಾಡಿಸಿದನು. "ಮೇಷ್ಟ್ರೇ, ಇದು ಹೆಣೆದ ಬುಟ್ಟಿ ಐತ್ರಿ. ಮೊಳೆ ಹೊಡೆದರೆ ಬಿದಿರು ಸೀಳ್ತೈತಿ, ಹೊದಿಕೆ ತೂತಾಗ್ತೈತಿ. ಮೇಜು ಬೇಕಂದ್ರೆ ಕಟ್ಟರಿ; ಕಟ್ಟಿದ್ದು ಬಿಚ್ಚಾಕೂ ಬರಬೇಕು."

ಈ ಮಾತಿನಲ್ಲಿ ಒಂದು ಶಾಸ್ತ್ರವೇ ಅಡಗಿದೆ. ಹರಿಗೋಲು ಗಟ್ಟಿಯಾದ ಹಲಗೆಯ ದೋಣಿಯಲ್ಲ; ನೀರಿನ ಒತ್ತಡಕ್ಕೆ ತಾನೂ ಸ್ವಲ್ಪ ಬಾಗುತ್ತದೆ. ಮೇಜಿನ ಕಾಲುಗಳು ಬಿಡಿಯಾಗಿ ಊರಿದರೆ ಭಾರವೆಲ್ಲ ನಾಲ್ಕು ಬಿಂದುಗಳ ಮೇಲೆ ಬಿದ್ದು ಹೆಣಿಗೆ ಸಡಲುತ್ತದೆ. ಮೇಜು ಎತ್ತರವಾದಷ್ಟೂ ಭಾರದ ಕೇಂದ್ರ ಮೇಲೇರಿ ಓಲಾಟ ಹೆಚ್ಚುತ್ತದೆ. ಆದುದರಿಂದ ಊರಿನ ಬಡಗಿಯಿಂದ ಬೇರೊಂದು ಮೇಜನ್ನು ಮಾಡಿಸಿದೆವು. ಅದರ ಎತ್ತರ 12 ಅಂಗುಲ. ಕಾಲುಗಳ ಕೆಳಗೆ ಎರಡು ಅಗಲವಾದ ಪಟ್ಟಿಗಳು. ಲೋಟ ಜಾರದಂತೆ ಮೇಲೆ ಸುತ್ತಲೂ ಅರ್ಧ ಅಂಗುಲದ ಅಂಚು. ಚೆಲ್ಲಿದ ನೀರು ಇಳಿಯಲು ಮೂಲೆಯಲ್ಲೊಂದು ರಂಧ್ರ. ಸಮುದ್ರದ ಹಡಗುಗಳಲ್ಲಿಯೂ ಊಟದ ಮೇಜಿಗೆ ಇಂತಹ ಅಂಚಿರುವುದುಂಟು. ಅಂಬಿಗನು ಅದನ್ನು ನಟ್ಟನಡುವೆ ಇರಿಸಿ, ಒಳಗಿನ ದಪ್ಪ ದಬ್ಬೆಗಳ ಅಡಿಯಿಂದ ಹುರಿಯನ್ನು ತೂರಿಸಿ, ಒಂದೇ ಎಳೆತಕ್ಕೆ ಬಿಚ್ಚುವ ಗಂಟನ್ನು ಹಾಕಿದನು.

ಇನ್ನೊಂದು ಅಪಾಯವುಂಟೆಂದು ಅವನೇ ಎಚ್ಚರಿಸಿದನು. ಕಾಲುನೋವಿನವರು ಏಳುವಾಗ ಕೈಗೆ ಸಿಕ್ಕಿದ್ದನ್ನು ಊರಿ ಏಳುತ್ತಾರೆ. ಹಗುರವಾದ ಮೇಜು ಆ ಭಾರವನ್ನು ತಾಳದು. ಮೇಜು ಮಗುಚಿದರೆ ಎಲ್ಲರೂ ಒಂದೇ ಕಡೆಗೆ ವಾಲುವರು. ಆಗ ಹರಿಗೋಲಿನ ಗತಿಯೇನು? ಮೇಜು ತಟ್ಟೆಗೆ, ಕೈಯಾಸರೆಗಲ್ಲ ಎಂದು ನಮ್ಮ ಮನೆಯವರಿಗೆ ಹೇಳಿದೆವು. ಅವರು, "ದಡ ಮುಟ್ಟುವ ತನಕ ಏಳುವವರು ಯಾರು?" ಎಂದರು. ಹಾಗೆಯೇ ನಡೆದುಕೊಂಡರು. ಬಂಡೆಗಳ ನೆರಳಿನ ತಣ್ಣೀರಿನಲ್ಲಿ ಅಂಬಿಗನು ಹುಟ್ಟನ್ನು ಹಿಡಿದು ನಿಲ್ಲಿಸಿದಾಗ, ಜೋಳದ ರೊಟ್ಟಿ, ಶೇಂಗಾಪುಡಿ, ಮೊಸರನ್ನವನ್ನು ಅವರೇ ಎಲ್ಲರಿಗೂ ಬಡಿಸಿದರು. ಅಂಬಿಗನಿಗೆ ಒಂದು ರೊಟ್ಟಿ ಹೆಚ್ಚಾಗಿಯೇ ಬಂದಿತು.

ಇಂತಹ ವಿಹಾರವನ್ನು ಬಯಸುವ ಗೃಹಸ್ಥರು ಮೊದಲು ಅಂಬಿಗನ ಒಪ್ಪಿಗೆಯನ್ನು ಪಡೆಯಲಿ. ಮೇಜಿನ ಮಾತು ಆಮೇಲಿನದು. ಮಕ್ಕಳಾದಿಯಾಗಿ ಎಲ್ಲರೂ ಲೈಫ್ ಜಾಕೆಟ್ ತೊಟ್ಟಿರಲಿ. ಅಣೆಕಟ್ಟಿನಿಂದ ನೀರು ಬಿಟ್ಟು ಹೊಳೆ ಏರಿದ ದಿನಗಳಲ್ಲಿ ಬುತ್ತಿಯನ್ನು ದಡದ ಮಂಟಪದಲ್ಲಿಯೇ ಬಿಚ್ಚುವುದು ಲೇಸು. ಅಲ್ಲಿ ಮೇಜೂ ಬೇಕಾಗದು. ಹಿರಿಯರು ಕಟ್ಟಿಸಿದ ಕಲ್ಲಿನ ಜಗಲಿಯಿದೆ.