ನಗಿಸುವವನ ಕೈಯಲ್ಲಿ ಕುಂಚ

ಅಮೆರಿಕದ ಬ್ಲ್ಯಾಕ್ ಪ್ಯಾಂಥರ್ಸ್ ಹೆಸರಿನಿಂದಲೇ 1972ರಲ್ಲಿ ಬೊಂಬಾಯಿಯ ದಲಿತ ಪ್ಯಾಂಥರ್ಸ್ ಹೆಸರು ಬಂತು. ಆ ಕಪ್ಪು ಜನರ ಹೋರಾಟದ ಬಗ್ಗೆ ನಾವು ಓದಿದ್ದೆವು. ಅವರ ಮನೆಯೊಳಗಿನ ನಗು ಕೇಳಿರಲಿಲ್ಲ. ಮೊನ್ನೆ ಹಾಸ್ಟೆಲ್ಲಿನಲ್ಲಿ ಒಂದೇ ಮೊಬೈಲಿನ ಸುತ್ತ ಕುಂತು ಅವರ ಹಳೆಯ ಟಿ.ವಿ. ಹಾಸ್ಯ ಧಾರಾವಾಹಿ 'ಗುಡ್ ಟೈಮ್ಸ್' ನೋಡಿದೆವು. 1974ರಿಂದ 1979ರವರೆಗೆ ಬಂದದ್ದು. ಷಿಕಾಗೋದಲ್ಲಿ ಬಡವರಿಗೆಂದು ಸರ್ಕಾರ ಕಟ್ಟಿಸಿದ ಮನೆ. ಅಪ್ಪನಿಗೆ ಇವತ್ತು ಕೆಲಸ ಉಂಟು, ನಾಳೆ ಇಲ್ಲ. ಇಂಗ್ಲಿಷು ಪೂರಾ ತಿಳಿಯದಿದ್ದರೂ ಆ ಮನೆ ನಮಗೆ ತಿಳಿಯಿತು.

ಹಿರಿಮಗ ಜೆ.ಜೆ. ಕಡ್ಡಿಯಂಥ ಹುಡುಗ. ಬಡಾಯಿ ಕೊಚ್ಚುತ್ತಾನೆ, ಕಣ್ಣು ಅಗಲಿಸಿ 'ಡೈನಮೈಟ್' ಅಂತ ಕೂಗುತ್ತಾನೆ. ಜನ ಬಿದ್ದು ಬಿದ್ದು ನಗುತ್ತಾರೆ. ನಾವೂ ನಕ್ಕೆವು. ಆದರೆ ಈ ಕೋಡಂಗಿಗೆ ಚಿತ್ರ ಬರೆಯೋದು ಗೊತ್ತು.

ಶುರುವಿನ ಒಂದು ಕಂತಿನಲ್ಲಿ ಅವನು ಕಪ್ಪು ಯೇಸುವನ್ನು ಬರೆದಿದ್ದಾನೆ. ಮಾದರಿಗೆ ಕೂರಿಸಿಕೊಂಡದ್ದು ಯಾರನ್ನ? ಆ ಬೀದಿಯ ಕುಡುಕ ನೆಡ್‌ನನ್ನ! ಅವ್ವ ಚಿಕ್ಕಂದಿನಿಂದ ನಂಬಿದ್ದು ಬಿಳಿ ಯೇಸುವನ್ನ. ಅವಳಿಗೆ ಸಂಕಟ. ಎಲ್ಲರೂ ಮುಖ ತಿರುಗಿಸಿ ದಾಟಿಹೋಗುವ ಕುಡುಕನಲ್ಲಿ ದೇವರನ್ನು ಕಂಡವನು ಬರೀ ಕೋಡಂಗಿಯೇ?

ಟಿ.ವಿ.ಯವರಿಗೆ ಮಾತ್ರ ಕುಂಚಕ್ಕಿಂತ ಕೂಗೇ ಬೇಕಾಯಿತು. ಕೋಡಂಗಿಯಾಟ ಹೆಚ್ಚುತ್ತಾ ಹೋಯಿತು. ಅವ್ವನ ಪಾತ್ರದ ಎಸ್ತರ್ ರೋಲ್ 1975ರಲ್ಲಿ ಬಹಿರಂಗವಾಗಿಯೇ ಇದನ್ನು ವಿರೋಧಿಸಿದರು. ಅಪ್ಪನ ಪಾತ್ರದ ಜಾನ್ ಏಮಸ್ ಕೂಡ ಜಗಳವಾಡಿದರು. 1976ರಲ್ಲಿ ಅವರನ್ನು ಕೈಬಿಟ್ಟು, ಕತೆಯಲ್ಲಿ ಅಪ್ಪನನ್ನೇ ಸಾಯಿಸಿದರು. 1977ರಲ್ಲಿ ಬಿಟ್ಟುಹೋದ ರೋಲ್, ಜೆ.ಜೆ.ಯನ್ನು ಮರ್ಯಾದೆಯ ಮನುಷ್ಯನನ್ನಾಗಿ ತೋರಿಸಬೇಕು ಅಂತ ಕೇಳಿಯೇ ಕಡೆಯ ವರ್ಷಕ್ಕೆ ಮರಳಿದರು.

1979ರ ಕಡೆಯ ಕಂತು. ಜೆ.ಜೆ. ಬರೆದ ಚಿತ್ರಕತೆ ಮಾರಾಟವಾಗುತ್ತೆ. ಅದರ ವೀರ ನಾಯಕಿ ಅವನ ತಂಗಿ ಥೆಲ್ಮಾಳ ಅಚ್ಚು. ವರ್ಷಗಟ್ಟಲೆ ದಿನವೂ ಆಡಿಕೊಂಡ ತಂಗಿ! ಹುಡುಗ ಬೆಳೆದದ್ದು ನಮಗೆ ಕಂಡದ್ದು ಅಲ್ಲಿ.

ಜೆ.ಜೆ.ಯ ಚಿತ್ರಗಳನ್ನು ನಿಜವಾಗಿ ಬರೆದವರು ಎರ್ನಿ ಬಾರ್ನ್ಸ್, ಮೊದಲು ಫುಟ್‌ಬಾಲ್ ಆಡುತ್ತಿದ್ದವರು. ಅವರೇ ಹೇಳಿಕೊಂಡಂತೆ, ಹುಡುಗನಾಗಿದ್ದಾಗ ಚಿತ್ರಶಾಲೆಯೊಂದರಲ್ಲಿ ನಮ್ಮವರು ಬರೆದ ಚಿತ್ರ ಎಲ್ಲಿ ಅಂತ ಕೇಳಿದರಂತೆ. ನಿಮ್ಮ ಜನ ಅಂಥದ್ದೆಲ್ಲ ಮಾಡೋದಿಲ್ಲ ಅನ್ನೋ ಉತ್ತರ ಬಂತಂತೆ. ಅವರ 'ಶುಗರ್ ಷ್ಯಾಕ್' ಚಿತ್ರ ಈ ಧಾರಾವಾಹಿಯಲ್ಲೇ ಮನೆಮನೆಗೆ ಮುಟ್ಟಿತು. ಆ ಹೆಸರಿನ 1976ರ ಚಿತ್ರ 2022ರ ಹರಾಜಿನಲ್ಲಿ 1.5 ಕೋಟಿ ಡಾಲರಿಗೂ ಮೇಲೆ ಹೋಯಿತು. ನೋಡೋಕೆ ಬಾರ್ನ್ಸ್ ಇರಲಿಲ್ಲ, 2009ರಲ್ಲೇ ತೀರಿಕೊಂಡಿದ್ದರು.

ಗೆಳೆಯರೇ, ನಮ್ಮನ್ನೂ ಸಭೆಗಳಿಗೆ ಕರೀತಾರೆ. ತಮಟೆ ಬಡೀರಿ, ಕುಣೀರಿ ಅಂತಾರೆ. ಪದ್ಯ ಓದ್ತೀವಿ ಅಂದರೆ ಟೈಮಿಲ್ಲ. ಅವರ ಮೇಲೆ ನಮಗೆ ಸಿಟ್ಟಿದೆ, ಇರಲಿ. ಜೆ.ಜೆ. ಕೇಳಿದ ಪ್ರಶ್ನೆ ಬೇರೆ. ಆವತ್ತು ರಾತ್ರಿ ನಮ್ಮ ಕೇರಿಯ ಕುಡುಕ ಚಿಕ್ಕಪ್ಪನ ಮೇಲೆ ಪದ್ಯ ಬರೆಯಲು ಕುಂತೆವು. ಇಷ್ಟು ವರ್ಷ ಅವನ ತೂರಾಟ ಮಾಡಿ ತೋರಿಸಿ ಹಾಸ್ಟೆಲ್ಲನ್ನೆಲ್ಲ ನಗಿಸಿದವರು ನಾವೇ. ಮೊದಲ ಸಾಲಿಗೇ ಕೈ ನಿಂತಿತು. ಅವನ ಮುಖ ಹೇಗಿದೆ ಅಂತ ನಾವು ಸರಿಯಾಗಿ ನೋಡಿಯೇ ಇರಲಿಲ್ಲ.

ಈ ಭಾನುವಾರ ಊರಿಗೆ ಹೋಗ್ತಿದ್ದೇವೆ.