ಬ್ಲಫ್‌ನಿಂದ ಹೊರಟ ಕರೆಂಟು

ಬೆಳಗ್ಗೆ ಆರೂವರೆ. ಮಳವಳ್ಳಿಯಿಂದ ಬಂದ ಬಸ್ಸು ಈಗಷ್ಟೇ ನಮ್ಮನ್ನ ಇಳಿಸಿ ಹೋಯ್ತು. ನಕ್ಷೆಯಲ್ಲಿ ಈ ಜಾಗ ಶಿವನಸಮುದ್ರ, ಸುತ್ತಿನವರ ಬಾಯಲ್ಲಿ ಬ್ಲಫ್. ಗಗನಚುಕ್ಕಿ ಜಲಪಾತ ಧುಮುಕೋದನ್ನ ನೋಡೋಕೆ ಎಲ್ಲರೂ ಬರ್ತಾರೆ. ನಾನು ಬಂದಿರೋದು ಧುಮುಕದೆ ಪಕ್ಕಕ್ಕೆ ಸರಿಯೋ ನೀರಿಗಾಗಿ.

ಜಲಪಾತಕ್ಕೆ ಮುಂಚೆಯೇ ಕಾವೇರಿಯ ಒಂದಷ್ಟು ನೀರು ಕಾಲುವೆಗೆ ತಿರುಗುತ್ತೆ. ದಿಬ್ಬದ ಅಂಚಿಗೆ ಬಂದು ದಪ್ಪ ಕಬ್ಬಿಣದ ಪೈಪುಗಳೊಳಗೆ ಇಳಿಯುತ್ತೆ. ಸುಮಾರು 120 ಮೀಟರ್ ಕೆಳಗೆ ಪವರ್ ಹೌಸ್. ಅದರೊಳಗೆ ಕ್ಯಾಮೆರಾ ಬಿಡೋದಿಲ್ಲ, ಹಾಗಾಗಿ ಬಾಯಲ್ಲೇ ಹೇಳ್ತೀನಿ. ಅನುಮತಿ ಪಡೆದು ಒಂದು ಪೈಪಿನ ಮೇಲೆ ಅಂಗೈ ಇಟ್ಟೆ. ಮೊದಲು ಬರೀ ತಣ್ಣಗೆ. ಆಮೇಲೆ ಒಳಗಿನ ನಡುಕ ಮಣಿಕಟ್ಟಿನವರೆಗೂ ಹತ್ತಿ ಬಂತು. ನೀರಿನ ಆ ರಭಸವೇ ಟರ್ಬೈನ್ ತಿರುಗಿಸೋದು. ಟರ್ಬೈನಿನ ಜೊತೆ ಜನರೇಟರ್ ತಿರುಗುತ್ತೆ, ತಾಮ್ರದ ಸುರುಳಿಯ ಬಳಿ ಅಯಸ್ಕಾಂತ ಸುತ್ತುತ್ತೆ, ಕರೆಂಟು ಹುಟ್ಟುತ್ತೆ.

ಏಷ್ಯಾದಲ್ಲೇ ಮೊದಲ ಜಲವಿದ್ಯುತ್ ಕೇಂದ್ರ ಇದು ಅಂತ ಎಷ್ಟೋ ವಿಡಿಯೋಗಳಲ್ಲಿ ಕೇಳಿರ್ತೀರ. ಅದು ಸರಿಯಲ್ಲ. ಡಾರ್ಜಿಲಿಂಗ್ ಹತ್ತಿರದ ಸಿದ್ರಾಪೊಂಗ್‌ನಲ್ಲಿ 1897ರಲ್ಲೇ ಶುರುವಾಗಿತ್ತು. ಇಲ್ಲಿಯ ಹೆಚ್ಚುಗಾರಿಕೆ ಬೇರೆ, ಅದು ದೂರ. 1902ರ ಜೂನ್ 30ರಂದು ಇಲ್ಲಿಂದ ಹೊರಟ ಕರೆಂಟು ಸುಮಾರು 147 ಕಿಲೋಮೀಟರ್ ಆಚೆಯ ಕೋಲಾರದ ಚಿನ್ನದ ಗಣಿಗೆ ಹೋಯ್ತು. ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ಲೈನುಗಳಲ್ಲಿ ಅದೂ ಒಂದು. ಆಗ ಹತ್ತಿರದ ರೈಲು ನಿಲ್ದಾಣ ಮದ್ದೂರು. ಅಲ್ಲಿಂದ ಈ ಕಣಿವೆಗೆ ಯಂತ್ರ ಸಾಗಿಸೋಕೆ ಆನೆಗಳನ್ನೂ ಕಟ್ಟಿದ್ರಂತೆ. ಈ ಯೋಜನೆಗೆ ಬೆನ್ನೆಲುಬಾಗಿ ನಿಂತವರು ಮೈಸೂರಿನ ದಿವಾನ್ ಶೇಷಾದ್ರಿ ಅಯ್ಯರ್, ಎಂಜಿನಿಯರ್ ಜೋಲಿ ಡಿ ಲಾಟ್‌ಬಿನಿಯರ್. ಸ್ವಿಚ್ ಹಾಕೋದನ್ನ ನೋಡೋಕೆ ಅಯ್ಯರ್ ಇರಲಿಲ್ಲ. ಹಿಂದಿನ ವರ್ಷ, 1901ರಲ್ಲೇ ತೀರಿಕೊಂಡಿದ್ರು. ನನಗೆ ಇದು ಯಾವಾಗ ನೆನಪಾದ್ರೂ ಸಂಕಟ ಆಗುತ್ತೆ.

ಅಷ್ಟು ದೂರ ಹೋಗೋಕೆ ಸಾಧ್ಯ ಆದದ್ದು ವೋಲ್ಟೇಜಿನಿಂದ. ಟ್ರಾನ್ಸ್‌ಫಾರ್ಮರ್ ಇಟ್ಟು ವೋಲ್ಟೇಜನ್ನ 35,000ಕ್ಕೆ ಏರಿಸಿದ್ರು. ಅಷ್ಟೇ ವಿದ್ಯುತ್ತನ್ನ ಹತ್ತು ಪಟ್ಟು ವೋಲ್ಟೇಜಿನಲ್ಲಿ ಕಳಿಸಿದ್ರೆ ತಂತಿಯಲ್ಲಿ ಹರಿಯೋ ಕರೆಂಟು ಹತ್ತರಲ್ಲಿ ಒಂದು ಭಾಗ ಸಾಕು. ತಂತಿ ಕಾದು ಪೋಲಾಗೋದು ನೂರರಲ್ಲಿ ಒಂದು ಭಾಗಕ್ಕೆ ಇಳಿಯುತ್ತೆ. ಇವತ್ತಿನ ದೊಡ್ಡ ಟವರ್‌ಗಳ 220 ಕೆವಿ, 400 ಕೆವಿ ಲೈನುಗಳ ಲೆಕ್ಕವೂ ಇದೇ.

ಗಣಿಗೆ ಹೋದ ಮೂರು ವರ್ಷಕ್ಕೆ, 1905ರಲ್ಲಿ, ಬೆಂಗಳೂರಿನ ಬೀದಿಗೆ ಕರೆಂಟು ದೀಪ ಬಂತು. ಹಳ್ಳಿಗಳು ಮಾತ್ರ ದಶಕಗಟ್ಟಲೆ ಕಾದವು. ಬೇಸಿಗೆಯಲ್ಲಿ ಹೊಳೆ ಬತ್ತಿದ್ರೆ ಗಣಿಗೂ ತೊಂದರೆ ಆಗ್ತಿತ್ತು. ಇದೇ ಹೊಳೆಗೆ ಕನ್ನಂಬಾಡಿ ಕಟ್ಟೆ ಕಟ್ಟಿದ್ದು ಗದ್ದೆಗೆ ಅಂತಷ್ಟೇ ಅಂದುಕೊಂಡಿದ್ದೀವಿ. ಈ ಸ್ಟೇಷನ್‌ಗೆ ವರ್ಷವಿಡೀ ನೀರು ಸಿಗಲಿ ಅನ್ನೋದೂ ಅದರ ದೊಡ್ಡ ಕಾರಣ.

ಈಗ ಲೈನಿನ ಜೊತೆಗೇ ಮಳವಳ್ಳಿ ಕಡೆ ವಾಪಸ್ ಹೊರಟಿದ್ದೀವಿ. ಇಲ್ಲಿ ಹುಟ್ಟಿದ್ದು ಇಂಥ ಮನೆಗೇ ಬಂತು ಅಂತ ಇವತ್ತು ಯಾರೂ ಬೆರಳು ತೋರಿಸೋಕಾಗಲ್ಲ. ಶರಾವತಿಯ ನೀರು, ರಾಯಚೂರಿನ ಕಲ್ಲಿದ್ದಲು, ಕೈಗಾದ ಅಣುಶಕ್ತಿ, ಪಾವಗಡದ ಬಿಸಿಲು, ಎಲ್ಲವೂ ಒಂದೇ ಗ್ರಿಡ್‌ನಲ್ಲಿ ಬೆರೆತಿರುತ್ತೆ. ಬಳಸುವಷ್ಟನ್ನೇ ಆ ಕ್ಷಣಕ್ಕೆ ಉತ್ಪಾದಿಸ್ತಾ ಇರಬೇಕು. ಅಳತೆ ತಪ್ಪಿದ್ರೆ ಗ್ರಿಡ್ಡಿನ 50 ಹರ್ಟ್ಜ್ ಆವರ್ತನ ಕದಲುತ್ತೆ. ಸಬ್‌ಸ್ಟೇಷನ್‌ನಲ್ಲಿ ವೋಲ್ಟೇಜ್ ಇಳಿದು 11 ಕೆವಿ, ಊರ ಬಾಗಿಲ ಟ್ರಾನ್ಸ್‌ಫಾರ್ಮರಿನಲ್ಲಿ ಮತ್ತೆ ಇಳಿದು ಮನೆಗೆ 230 ವೋಲ್ಟ್.

ಇಲ್ಲೊಬ್ಬರು ಹಿಪ್ಪುನೇರಳೆ ತೋಟದ ಮೋಟಾರ್ ಮನೆ ಮುಂದೆ ಕೂತಿದ್ದಾರೆ.

"ಅಣ್ಣ, ತ್ರೀ ಫೇಸ್ ಎಷ್ಟೊತ್ತಿಗೆ ಕೊಡ್ತಾರೆ?"

"ಈ ವಾರ ಹಗಲು ಕಣಪ್ಪ. ಹೋದ್ವಾರವೆಲ್ಲ ರಾತ್ರಿ. ಹಾವು ಹುಳ ನೋಡ್ಕೊಂಡು ಟಾರ್ಚ್ ಹಿಡ್ಕೊಂಡು ಬರಬೇಕಿತ್ತು."

ಹಗಲಿನಲ್ಲೇ ಸಿಗಬೇಕು ಇವರಿಗೆ. ಇದನ್ನ ನಾನು ಗಟ್ಟಿಯಾಗಿಯೇ ಹೇಳ್ತೀನಿ. ಹೊಳೆಗೆ ಇಷ್ಟು ಹತ್ತಿರದಲ್ಲಿ ಬೆಳೆ ತೆಗೆಯೋರು ಕರೆಂಟಿಗಾಗಿ ನಿದ್ದೆಗೆಡಬಾರದು.

ಸ್ಟಾರ್ಟರ್ ಬೋರ್ಡಿನ ಮೇಲೆ ಮೂರು ಫೇಸಿಗೂ ಒಂದೊಂದು ಪುಟ್ಟ ದೀಪ: ಕೆಂಪು, ಹಳದಿ, ನೀಲಿ. ಕೆಂಪು ಉರೀತಾ ಇದೆ, ಇನ್ನೆರಡು ಕತ್ತಲೆ. ಅವರ ಕಣ್ಣು ಅದರ ಮೇಲೇ. ಹಳದಿ ಹತ್ತಿತು. ನೀಲಿ. ಅವರು ಎದ್ದು ಹಸಿರು ಗುಂಡಿ ಒತ್ತಿದ್ರು. ಪೈಪು ಒಮ್ಮೆ ಕೆಮ್ಮಿ, ಗಾಳಿ ಉಗುಳಿ, ನೀರು ಬಿಟ್ಟಿತು.